ಕ್ರಿಸ್‌ಮಸ್ ಮರ ಒಣಗುತ್ತಿದೆಯೇ? ಕಂದು ಎಲ್ಲಿಂದ ಶುರುವಾಯಿತು, ಅದನ್ನು ಮೊದಲು ನೋಡಿ

ಬೆಂಗಳೂರು, ಮೈಸೂರು, ಮಡಿಕೇರಿ, ಚಿಕ್ಕಮಗಳೂರಿನ ಹಳೆಯ ಬಂಗಲೆಗಳ ಅಂಗಳದಲ್ಲಿ ಗೋಪುರದಂತೆ ಮೇಲೆದ್ದು, ಮಾಡುಗಳನ್ನೆಲ್ಲ ಮೀರಿ ನಿಂತಿರುವ ಮರವನ್ನು ನಾವು ಕ್ರಿಸ್‌ಮಸ್ ಮರ ಎನ್ನುತ್ತೇವೆ. ನರ್ಸರಿಯಲ್ಲಿ ಅದೇ ಗಿಡಕ್ಕೆ ಅರಕೇರಿಯಾ ಎಂದೂ ಪೈನ್ ಎಂದೂ ಹೆಸರು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದು ನಿಜವಾದ ಪೈನ್ ಅಲ್ಲ, ದೂರದ ನೆಂಟ. ಆರೈಕೆಗೆ ಈ ವ್ಯತ್ಯಾಸ ಮುಖ್ಯ.

ಈ ಗಿಡದ ಮೂರು ಸ್ವಭಾವಗಳು ಗೊತ್ತಿಲ್ಲದಿದ್ದರೆ ರೋಗ ಒಂದು, ಮದ್ದು ಇನ್ನೊಂದು ಎಂಬಂತಾಗುತ್ತದೆ. ಮೊದಲನೆಯದು, ಬೇರು ಸತ್ತರೂ ಎಲೆ ತಕ್ಷಣ ಬಾಡುವುದಿಲ್ಲ. ಎಲೆಗಳು ಗಡುಸು, ಮೇಲೆ ಮೇಣದ ಲೇಪ ಬೇರೆ. ವಾರಗಟ್ಟಲೆ ಹಸಿರಾಗಿಯೇ ಉಳಿಯುತ್ತವೆ. ಹಾಗಾಗಿ ಇವತ್ತು ಕಾಣುವ ಕಂದಿಗೆ ಕಾರಣ ಒಂದೆರಡು ತಿಂಗಳ ಹಿಂದೆ ನಡೆದದ್ದಾಗಿರಬಹುದು. ಎರಡನೆಯದು, ಎಳೆಯ ಗಿಡದ ಕೆಳಗಿನ ಕೊಂಬೆ ಒಮ್ಮೆ ಒಣಗಿತೆಂದರೆ ಆ ಜಾಗದಲ್ಲಿ ಅದೇ ಅಂದದ ಕೊಂಬೆಗಳ ಸುತ್ತು ಮತ್ತೆ ಬರುವುದಿಲ್ಲ. ಮೂರನೆಯದು, ಒಣಗಿದ ಎಲೆ ಒಂದೊಂದಾಗಿ ಉದುರುವುದಿಲ್ಲ. ಹಗ್ಗದಂಥ ಕಿರುಕಡ್ಡಿ ಎಲೆಗಳ ಸಮೇತ ಕಳಚಿ ಬೀಳುತ್ತದೆ. ದೊಡ್ಡ ಮರದಡಿ ಬೇಸಿಗೆಯಲ್ಲಿ ದಿನಕ್ಕೆ ಒಂದು ಹಿಡಿ ಇಂಥ ಕಡ್ಡಿ ಬಿದ್ದರೆ ಅದು ರೋಗವಲ್ಲ, ಮರ ತನ್ನ ಹಳೆಯ ಭಾರ ಇಳಿಸಿಕೊಳ್ಳುವ ರೀತಿ.

ಕಂದು ಕಂಡ ಕೂಡಲೇ ನೀರು ಸುರಿಯುವುದು, ಮರುದಿನ ಗೊಬ್ಬರ ಹಾಕುವುದು: ಅರಕೇರಿಯಾ ಸಾಯುವುದು ಬಹುತೇಕ ಈ ಎರಡು ಉಪಚಾರಗಳಿಂದಲೇ. ಕಂದು ಕೆಳಗಿನಿಂದ ಹತ್ತಿತೋ, ಮೇಲಿನಿಂದ ಇಳಿಯಿತೋ, ಒಂದೇ ಮಗ್ಗುಲಲ್ಲಿದೆಯೋ, ಚುಕ್ಕೆಚುಕ್ಕೆಯಾಗಿದೆಯೋ ಎಂದು ತೀರ್ಮಾನವಾಗುವವರೆಗೆ ಕೊಡವನ್ನೂ ಗೊಬ್ಬರದ ಚೀಲವನ್ನೂ ಮುಟ್ಟಬೇಡಿ.

ನಿಮ್ಮಲ್ಲಿರುವುದು ಯಾವ ಮರ

ನಾರ್ಫೋಕ್ ಪೈನ್, ಕುಕ್ ಪೈನ್ ಎರಡೂ ಅರಕೇರಿಯಾ ಕುಲದವೇ. ನಾರ್ಫೋಕ್ ಪೈನ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಗಿಡಗಳಲ್ಲಿ ಬಹುಪಾಲು ಕುಕ್ ಪೈನ್‌ಗಳೇ. ನಾರ್ಫೋಕ್ ಪೈನಿನ ತವರು ಆಸ್ಟ್ರೇಲಿಯಾಕ್ಕೆ ಸೇರಿದ ನಾರ್ಫೋಕ್ ದ್ವೀಪ. ಕುಕ್ ಪೈನಿನದು ನ್ಯೂ ಕ್ಯಾಲೆಡೋನಿಯಾ. ಎಳೆಯದರಲ್ಲಿ ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಷ್ಟ. ಬೆಳೆದ ಮೇಲೆ ಸುಲಭ. ನಾರ್ಫೋಕ್ ಪೈನ್ ಅಗಲವಾದ ತ್ರಿಕೋನ. ಕೊಂಬೆಯ ಸುತ್ತುಗಳ ನಡುವೆ ಆಕಾಶ ಕಾಣುವಷ್ಟು ಅಂತರ. ಕುಕ್ ಪೈನ್ ಕಂಬದಂತೆ ಸಣಕಲು, ಕೊಂಬೆ ಗಿಡ್ಡ, ತೊಗಟೆ ಅಡ್ಡಡ್ಡವಾಗಿ ಕಾಗದದಂತೆ ಸುಲಿಯುತ್ತದೆ. ಬೆಂಗಳೂರಿನ ಹಳೆಯ ಎತ್ತರದ ಕ್ರಿಸ್‌ಮಸ್ ಮರಗಳಲ್ಲಿ ಹೆಚ್ಚಿನವು ಈ ಜಾತಿಯವು. ದೊಡ್ಡ ಕುಕ್ ಪೈನ್ ಹಳೆಯ ಕೊಂಬೆ ಕಳೆದುಕೊಂಡ ಮೇಲೆ ಕಾಂಡದಿಂದ ನೇರ ಹೊಸ ಚಿಗುರು ಹೊರಡಿಸುತ್ತದೆ. ಕಾಂಡದ ಮೇಲೆ ಬಾಟಲಿ ತೊಳೆಯುವ ಬ್ರಷ್ಷಿನಂತೆ ಚಿಗುರು ಕಂಡರೆ ಅದೇನೂ ರೋಗವಲ್ಲ.

ಸೂಜಿಯೆಲೆಗಳು ಎರಡು, ಮೂರು ಅಥವಾ ಐದರ ಕಟ್ಟಾಗಿ ಒಂದೇ ಬುಡದಿಂದ ಹೊರಟಿದ್ದರೆ ಮಾತ್ರ ಅದು ನಿಜವಾದ ಪೈನ್. ನಮ್ಮ ನರ್ಸರಿಗಳಲ್ಲಿ ಅಪರೂಪ; ಸಿಕ್ಕರೆ ಸಾಮಾನ್ಯವಾಗಿ ಮೂರು ಸೂಜಿಯ ಚಿರ್ ಪೈನ್. ಅದರ ಬೇರಿಗೆ ಜೊತೆಗಾರ ಶಿಲೀಂಧ್ರ ಬೇಕೇ ಬೇಕು. ಹೊಸ ಮಣ್ಣಿನಲ್ಲಿ ನೆಟ್ಟ ಪೈನ್ ವರ್ಷವಾದರೂ ಹಳದಿಯಾಗಿ ಕುಗ್ಗಿ ಕೂತಿದ್ದರೆ, ಚೆನ್ನಾಗಿ ಬೆಳೆದ ಪೈನಿನ ಬುಡದಿಂದ ಎರಡು ಬೊಗಸೆ ಮಣ್ಣು ತಂದು ಬೇರಿನ ಬಳಿ ಬೆರೆಸಿ. ಚಪ್ಪಟೆ ಬೀಸಣಿಗೆಯಂಥ ಎಲೆಯಿದ್ದರೆ ಅದು ತೂಜಾ. ಇಲ್ಲಿಂದ ಮುಂದೆ ಹೇಳುವುದೆಲ್ಲ ಅರಕೇರಿಯಾಕ್ಕೆ.

ಪರೀಕ್ಷೆಗೆ ಬೇಕಾದದ್ದು

ಒಂದು ಅಡಿ ಉದ್ದದ ಬಿದಿರುಕಡ್ಡಿ, ಬಿಳಿ ಕಾಗದ, ಸಣ್ಣ ಚಾಕು, ಒಂದಿಷ್ಟು ವಿನೆಗರ್. ಇಷ್ಟು ಸಾಕು.

ಕಡ್ಡಿಯನ್ನು ಕಾಂಡದಿಂದ ನಾಲ್ಕು ಬೆರಳು ಆಚೆ, ಬೇರುಂಡೆಯೊಳಕ್ಕೆ ಇಳಿಸಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಮೇಲ್ಮಣ್ಣಿನ ಬಣ್ಣ ನಂಬಬೇಡಿ. ಕಡ್ಡಿಯ ತುದಿಯ ತೇವ ಮತ್ತು ವಾಸನೆ ಮಾತ್ರ ನಿಜ ಹೇಳುತ್ತದೆ. ಚರಂಡಿಯ ವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಕಡ್ಡಿ ಒಳಗೆ ಹೋಗಲೇ ಇಲ್ಲವೆಂದರೆ ಉಂಡೆ ಇಟ್ಟಿಗೆಯಾಗಿದೆ.

ಒಣಗಿದ ಕೊಂಬೆಯ ಮೇಲೆ ಚಾಕುವಿನಿಂದ ಉಗುರಿನಷ್ಟಗಲ ತೊಗಟೆ ಕೆರೆಯಿರಿ. ಅಡಿಯಲ್ಲಿ ಹಸಿರು ಇದ್ದರೆ ಜೀವವಿದೆ. ಕಂದಾಗಿದ್ದರೆ ಕಾಂಡದ ಕಡೆಗೆ ಒಂದೊಂದು ಗೇಣು ಸರಿಯುತ್ತ ಕೆರೆಯಿರಿ. ಹಸಿರು ಸಿಗುವ ಜಾಗವೇ ರೋಗದ ಗಡಿ. ಆ ಗಡಿಗೆ ದಾರದ ತುಂಡು ಕಟ್ಟಿಡಿ. ಹದಿನೈದು ದಿನ ಬಿಟ್ಟು ನೋಡಿದಾಗ ಕಂದು ದಾರ ದಾಟಿದೆಯೋ ಇಲ್ಲವೋ ಎಂಬುದರಿಂದ ಚಿಕಿತ್ಸೆ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ.

ಕೆಳಗಿನ ಸುತ್ತಿನಿಂದ ಮೇಲಕ್ಕೆ ಹತ್ತುವ ಕಂದು

ಹೆಚ್ಚಿನ ದೂರು ಇದೇ, ಹೆಚ್ಚು ಎಡವುವುದೂ ಇಲ್ಲೇ. ಯಾಕೆಂದರೆ ಬೆಳಕಿನ ಕೊರತೆ, ನೀರಿನ ಕೊರತೆ, ನೀರಿನ ಅತಿರೇಕ, ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಬೆಳಕಿನ ಕೊರತೆಯಾದರೆ ಕೊಂಬೆ ಒಳಗಿನಿಂದ ಹೊರಕ್ಕೆ ಬೋಳಾಗುತ್ತದೆ: ಕಾಂಡದ ಹತ್ತಿರದ ಎಲೆ ಮೊದಲು ಒಣಗಿ, ತುದಿಯಲ್ಲಿ ಹಸಿರು ಗೊಂಚಲು ಉಳಿಯುತ್ತದೆ. ಕೊಂಬೆ ಜೋತು ಬೀಳುತ್ತದೆ, ಸುತ್ತುಗಳ ನಡುವಿನ ಅಂತರ ಹೆಚ್ಚುತ್ತದೆ. ಡಿಸೆಂಬರಿನಲ್ಲಿ ತಂದು ಹಾಲ್‌ನ ಮೂಲೆಯಲ್ಲಿಟ್ಟ ಗಿಡಗಳ ಕಥೆ ಬಹುಪಾಲು ಇದು. ಕಿಟಕಿಯಿಂದ ಎರಡು ಮೀಟರ್ ಒಳಗೆ ನಮ್ಮ ಕಣ್ಣಿಗೆ ಬೆಳಕಿದೆ ಅನ್ನಿಸಬಹುದು, ಗಿಡದ ಪಾಲಿಗೆ ಅದು ಕತ್ತಲೆ. ಪೂರ್ವದ ಕಿಟಕಿಯ ಅಂಚಿಗೆ ಅಥವಾ ವರಾಂಡಕ್ಕೆ ಸರಿಸಿ. ಆದರೆ ಕತ್ತಲಲ್ಲಿದ್ದ ಗಿಡವನ್ನು ಒಮ್ಮೆಗೇ ತಾರಸಿಯ ಬಿಸಿಲಿಗೆ ಇಟ್ಟರೆ ಮೂರೇ ದಿನಕ್ಕೆ ಸುಡುತ್ತದೆ. ಮೊದಲ ವಾರ ಪೂರ್ತಿ ನೆರಳಿನ ವರಾಂಡ, ಎರಡನೆಯ ವಾರ ಬೆಳಗ್ಗೆ ಒಂದು ಗಂಟೆ ಬಿಸಿಲು, ಮೂರನೆಯ ವಾರ ಎರಡು ಮೂರು ಗಂಟೆ, ಹೀಗೆ ನಾಲ್ಕು ವಾರ ಬೇಕು.

ನೀರಿನ ಕೊರತೆಯಾದರೆ ಕಂದು ಕೊಂಬೆಯ ತುದಿಯಿಂದ ಒಳಕ್ಕೆ ಬರುತ್ತದೆ. ಎಲೆ ಗರಿಗರಿ, ಮುಟ್ಟಿದರೆ ಪುಡಿ. ಕುಂಡ ಎತ್ತಿದರೆ ಹಗುರ. ಇದರಲ್ಲೊಂದು ಮೋಸವಿದೆ: ದಿನವೂ ನೀರು ಹಾಕುತ್ತಿದ್ದರೂ ಬೇರುಂಡೆ ಒಣಗಿರಬಹುದು. ನಮ್ಮ ನರ್ಸರಿಗಳಿಗೆ ಬರುವ ಗಿಡಗಳಲ್ಲಿ ಎಷ್ಟೋ ಗಿಡ ಆಂಧ್ರದ ಗೋದಾವರಿ ಸೀಮೆಯ ಕಡಿಯಂ ಕಡೆಯವು; ಬೇರಿನ ಸುತ್ತ ಅಂಟು ಜೇಡಿಮಣ್ಣಿನ ಉಂಡೆ ಇರುತ್ತದೆ. ಅದನ್ನು ಹಾಗೆಯೇ ಕೆಂಪುಮಣ್ಣು, ತೆಂಗಿನ ನಾರಿನ ಪುಡಿಯ ಸಡಿಲ ಮಿಶ್ರಣಕ್ಕೆ ಇಟ್ಟರೆ ನೀರು ಸುಲಭದ ದಾರಿ ಹಿಡಿದು ಉಂಡೆಯ ಸುತ್ತಲಿಂದ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ಉಂಡೆ ಕಲ್ಲಾಗುತ್ತದೆ. ಮಳೆಗಾಲದಲ್ಲಿ ಅದೇ ಉಂಡೆ ಕುಡಿದ ನೀರನ್ನು ಬಿಟ್ಟುಕೊಡದೆ ಬೇರನ್ನು ಉಸಿರುಗಟ್ಟಿಸುತ್ತದೆ. ಒಣಗಿದ ಉಂಡೆಯ ಗಿಡವನ್ನು ಕುಂಡದ ಸಮೇತ ನೀರು ತುಂಬಿದ ಟಬ್ಬಿನಲ್ಲಿ ಗುಳ್ಳೆ ಬರುವುದು ನಿಲ್ಲುವವರೆಗೆ, ಸುಮಾರು ಅರ್ಧ ಗಂಟೆ ಮುಳುಗಿಸಿಟ್ಟು, ಹೊರತೆಗೆದು ಸೋರಲು ಬಿಡಿ. ಆಮೇಲೆ ಬಿದಿರುಕಡ್ಡಿಯಿಂದ ಉಂಡೆಗೆ ಎಂಟು ಹತ್ತು ಕಡೆ ರಂಧ್ರ ಮಾಡಿ, ರಂಧ್ರಗಳಿಗೆ ದಪ್ಪ ಮರಳು ತುಂಬಿ.

ನೀರಿನ ಅತಿರೇಕದಲ್ಲಿ ಎಲೆ ಮೊದಲು ಮಂಕಾಗಿ, ಹಳದಿಗೆ ತಿರುಗಿ, ಆಮೇಲೆ ಕಂದಾಗುತ್ತದೆ. ಗರಿಗರಿಯಾಗುವ ಮೊದಲು ಮೆತ್ತಗಿರುತ್ತದೆ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಅನುಮಾನವೇ ಬೇಡ, ಬೇರು ಕೊಳೆತಿದೆ. ಕಾರಣ ಹೆಚ್ಚಾಗಿ ಪಿಥಿಯಮ್ ಅಥವಾ ಫೈಟಾಫ್ತೊರ ಎಂಬ, ಶಿಲೀಂಧ್ರದಂಥ ಸೂಕ್ಷ್ಮಜೀವಿಗಳು. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕಾಡುವ ಕೊಳೆರೋಗವೂ ಫೈಟಾಫ್ತೊರ ಕುಲದ್ದೇ. ನಿಂತ ನೀರೆಂದರೆ ಇವುಗಳಿಗೆ ಹಬ್ಬ. ಕೊಳೆತ ಸಣ್ಣ ಬೇರನ್ನು ಎರಡು ಬೆರಳಿನಲ್ಲಿ ಹಿಡಿದು ಎಳೆದರೆ ಹೊರ ಸಿಪ್ಪೆ ಜಾರಿ ಕೈಗೆ ಬರುತ್ತದೆ, ಒಳಗಿನ ನಾರು ದಾರದಂತೆ ಉಳಿಯುತ್ತದೆ. ಜೀವಂತ ಬೇರು ಗಟ್ಟಿ, ತುದಿ ಬೆಳ್ಳಗೆ.

ಬೇರು ಕೊಳೆತ ಕುಂಡದ ಗಿಡವನ್ನು ಉಳಿಸುವ ಕ್ರಮ

ಮುಕ್ಕಾಲು ಭಾಗ ಬೇರು ಹೋಗಿದ್ದರೆ ಗಿಡ ಉಳಿಯುವುದಿಲ್ಲ. ಅದನ್ನು ಒಪ್ಪಿಕೊಳ್ಳುವುದೇ ಒಳ್ಳೆಯದು. ಅರ್ಧದಷ್ಟಾದರೂ ಗಟ್ಟಿಯಿದ್ದರೆ ಹೀಗೆ ಮಾಡಿ.

1. ಗಿಡವನ್ನು ಕಾಂಡ ಹಿಡಿದು ಎಳೆಯದೆ, ಕುಂಡವನ್ನು ಮಗುಚಿ ಹೊರತೆಗೆಯಿರಿ. ಗ್ರೋ ಬ್ಯಾಗ್ ಆದರೆ ಕತ್ತರಿಸಿ ಬಿಡಿಸಿ.

2. ಉಂಡೆಯ ಹೊರಪದರದ ಮಣ್ಣನ್ನು ಮಾತ್ರ ಬಕೆಟ್ ನೀರಿನಲ್ಲಿ ಕರಗಿಸಿ. ಒಳಗಿನದನ್ನು ಪೂರ್ತಿ ಬಿಡಿಸಲು ಹೋಗಬೇಡಿ. ಅರಕೇರಿಯಾಕ್ಕೆ ಸಣ್ಣ ಬೇರುಗಳೇ ಕಡಿಮೆ. ಹೋದವು ನಿಧಾನವಾಗಿ ಬರುತ್ತವೆ.

3. ಕೊಳೆತ ಬೇರುಗಳನ್ನು ಗಟ್ಟಿ ಭಾಗದವರೆಗೆ ಕತ್ತರಿಸಿ. ಪ್ರತಿ ನಾಲ್ಕೈದು ಕತ್ತರಿಗೊಮ್ಮೆ ಕತ್ತರಿಯನ್ನು 70 ಶೇಕಡಾ ಸ್ಪಿರಿಟ್‌ನಿಂದ ಒರೆಸಿ. ಕುಂಡದ ಗೋಡೆಗೆ ಸುತ್ತಿಕೊಂಡ ಬೇರುಗಳಿದ್ದರೆ ಮೂರು ನಾಲ್ಕು ಕಡೆ ಉದ್ದಕ್ಕೆ ಸೀಳಿ.

4. ಹೊಸ ಮಿಶ್ರಣ: ಕೆಂಪುಮಣ್ಣು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ಇದ್ದಿಲ ಚೂರು ಅರ್ಧ ಪಾಲು. ಎಂ-ಸ್ಯಾಂಡ್‌ನ ಸಣ್ಣ ಪುಡಿ ಬೇಡ, ಸಿಮೆಂಟಿನಂತೆ ಕಚ್ಚಿಕೊಳ್ಳುತ್ತದೆ. ಹಸಿ ಸಗಣಿ, ಕೋಳಿಗೊಬ್ಬರ ಬೇಡವೇ ಬೇಡ.

5. ಹೊಸ ಕುಂಡ ಹಳೆಯದಕ್ಕಿಂತ ದೊಡ್ಡದಿರಬಾರದು. ಬೇರು ಕಡಿಮೆಯಾದ ಗಿಡಕ್ಕೆ ದೊಡ್ಡ ಕುಂಡವೆಂದರೆ ಮತ್ತೆ ಅದೇ ಕೆಸರು. ತಳದಲ್ಲಿ ಕನಿಷ್ಠ ನಾಲ್ಕು ರಂಧ್ರ, ಕುಂಡದಡಿ ಎರಡು ಇಟ್ಟಿಗೆ.

6. ಮೆಟಲಾಕ್ಸಿಲ್ ಮತ್ತು ಮ್ಯಾಂಕೋಜೆಬ್ ಬೆರೆತ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂ ಕದಡಿ, ಹನ್ನೆರಡು ಇಂಚಿನ ಕುಂಡಕ್ಕೆ ಒಂದು ಲೀಟರ್‌ನಂತೆ ಬುಡಕ್ಕೆ ಹಾಕಿ. ಕೈಗವಸು, ಮುಖಗವಸು ಇರಲಿ. ಅಂಗಡಿಯಲ್ಲಿ ಬೇರು ಕೊಳೆ ಎಂದ ಕೂಡಲೇ ಕಾರ್ಬೆಂಡಜಿಮ್ ಕೊಡುವುದು ರೂಢಿ. ಫೈಟಾಫ್ತೊರ, ಪಿಥಿಯಮ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಹಣವೂ ಹೋಗುತ್ತದೆ, ಹದಿನೈದು ದಿನವೂ ಹೋಗುತ್ತದೆ.

7. ಒಂದು ತಿಂಗಳು ನೆರಳು. ಕಡ್ಡಿ ಎರಡು ಇಂಚು ಆಳದವರೆಗೆ ಒಣಗಿ ಬಂದಾಗ ಮಾತ್ರ ನೀರು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಇಲ್ಲ. ಬೇರು ಕೊಳೆಸುವ ಜೀವಿಗಳನ್ನು ಹತ್ತಿಕ್ಕುವ ಟ್ರೈಕೋಡರ್ಮ ಎಂಬ ಒಳ್ಳೆಯ ಶಿಲೀಂಧ್ರವನ್ನು ಹಾಕುವುದಿದ್ದರೆ ಶಿಲೀಂಧ್ರನಾಶಕ ಹಾಕಿ ಹದಿನೈದು ದಿನವಾದ ಮೇಲೆ. ಒಟ್ಟಿಗೆ ಹಾಕಿದರೆ ಅದೂ ಸಾಯುತ್ತದೆ.

ನೆಲದಲ್ಲಿರುವ ಗಿಡವಾದರೆ ಪಕ್ಕದಲ್ಲಿ 30 ಸೆಂ.ಮೀ. ಆಳದ ಗುಣಿ ತೋಡಿ, ಒಮ್ಮೆ ನೀರು ತುಂಬಿ ಇಂಗಿಸಿ, ಮತ್ತೆ ತುಂಬಿ. ಎರಡನೆಯ ಸಲ ನೀರಿನ ಮಟ್ಟ ಗಂಟೆಗೆ 2.5 ಸೆಂ.ಮೀ. ಆದರೂ ಇಳಿಯಬೇಕು. ಇಳಿಯದಿದ್ದರೆ ಯಾವ ಔಷಧಿಯೂ ಬೇರನ್ನು ಕಾಯಲಾರದು. ಇಳಿಜಾರಿನ ಕಡೆಗೆ ಒಂದು ಅಡಿ ಅಗಲದ ಕಾಲುವೆ ತೋಡಿ ಜಲ್ಲಿ ತುಂಬಿ. ಗಿಡ ಮೂರು ಅಡಿಗಿಂತ ಕಡಿಮೆಯಿದ್ದರೆ ಎತ್ತಿ, ನೆಲಮಟ್ಟಕ್ಕಿಂತ 20 ಸೆಂ.ಮೀ. ಎತ್ತರದ ದಿಬ್ಬದ ಮೇಲೆ ಮರುನೆಡಿ. ನೆಡುವಾಗ ಕಾಂಡ ಅಗಲವಾಗಿ ಬೇರಾಗುವ ಬುಡದ ಉಬ್ಬು ಮಣ್ಣಿನ ಮೇಲೆ ಕಾಣಬೇಕು. ಗಟ್ಟಿಯಾಗಿ ನಿಲ್ಲಲಿ ಎಂದು ಅರ್ಧ ಅಡಿ ಆಳಕ್ಕೆ ಹೂಳುವುದು ನಮ್ಮಲ್ಲಿ ಬೇರೂರಿದ ಅಭ್ಯಾಸ. ಹೂಳಿದ ತೊಗಟೆ ವರ್ಷದೊಳಗೆ ಕೊಳೆಯಲು ಶುರುವಾಗುತ್ತದೆ.

ಹೊಸ ಚಿಗುರೇ ಹಳದಿ

ಕಂದಿಲ್ಲ, ಒಣಗಿಲ್ಲ, ಆದರೆ ಹೊಸ ಎಲೆ ತಿಳಿ ಹಳದಿ, ಹಳೆಯದು ಹಸಿರು. ಇದು ಕಬ್ಬಿಣಾಂಶದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ನಮ್ಮ ಕೆಂಪುಮಣ್ಣಿನ ಕೆಂಪೇ ಕಬ್ಬಿಣದ್ದು. ಗಡಸು ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಹಾಕಿ ಮಣ್ಣು ಕ್ಷಾರವಾದಾಗ ಆ ಕಬ್ಬಿಣ ಬೇರಿಗೆ ಸಿಗದಂತೆ ಕಟ್ಟಿಹೋಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪಟ್ಟೆ ಇದೆಯೇ ನೋಡಿ. ಒಣ ಮಣ್ಣಿನ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ. ನೊರೆ ಎದ್ದರೆ ಸುಣ್ಣ ಕೂತಿದೆ.

ತಕ್ಷಣಕ್ಕೆ: ಲೀಟರ್ ನೀರಿಗೆ ಫೆರಸ್ ಸಲ್ಫೇಟ್ 5 ಗ್ರಾಂ, ಸಿಟ್ರಿಕ್ ಆಮ್ಲ 1 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಗ್ರಾನೈಟ್ ನೆಲದ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಗಿಡವನ್ನು ಮೊದಲೇ ಸರಿಸಿ. ಬುಡಕ್ಕೆ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನೇ ಕೇಳಿ ತನ್ನಿ. ಅಗ್ಗದ ಇಡಿಟಿಎ ರೂಪ ಕ್ಷಾರ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಶಾಶ್ವತ ಪರಿಹಾರ ಮಳೆನೀರು. ತಾರಸಿಯ ನೀರನ್ನು ಡ್ರಮ್ಮಿನಲ್ಲಿ ಹಿಡಿದು ತಿಂಗಳಿಗೊಮ್ಮೆ ಕುಂಡದ ಗಾತ್ರದ ಮೂರರಷ್ಟು ನೀರನ್ನು ನಿಧಾನವಾಗಿ ಹಾಯಿಸಿದರೆ ಕೂತ ಉಪ್ಪು ತೊಳೆದುಹೋಗುತ್ತದೆ.

ಹಳದಿ ಹಳೆಯ ಎಲೆಯಲ್ಲಿದ್ದು ಹೊಸದು ಹಸಿರಾಗಿದ್ದರೆ ಸಾರಜನಕ ಅಥವಾ ಮೆಗ್ನೀಷಿಯಂ ಕೊರತೆ. 19:19:19 ಗೊಬ್ಬರ ಲೀಟರಿಗೆ 1 ಗ್ರಾಂ, ಹದಿನೈದು ದಿನಕ್ಕೊಮ್ಮೆ. ಜೊತೆಗೆ ಒಮ್ಮೆ ಎಪ್ಸಮ್ ಲವಣ ಲೀಟರಿಗೆ 5 ಗ್ರಾಂ. ಬೇರು ಸರಿಯಿದೆ ಎಂದು ಖಚಿತವಾದ ಮೇಲೆಯೇ ಇದೆಲ್ಲ.

ಒಂದೇ ಮಗ್ಗುಲು, ಅಥವಾ ತೇಪೆ ತೇಪೆಯಾಗಿ

ಪಶ್ಚಿಮದ ಕಡೆ ಮಾತ್ರ ಬಿಳಿಚಿ ಕಂದಾಗಿದ್ದರೆ ಬಿಸಿಲ ಸುಡು. ಬಿಳಿ ಗೋಡೆ, ಗಾಜು, ತಗಡಿನ ಶೀಟಿನಿಂದ ಮರಳಿ ಬೀಳುವ ಝಳವೂ ಸಾಕು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್-ಮೇ ತಿಂಗಳ ಒಣ ಬಿಸಿಗಾಳಿಗೆ ತಂಪು ಸಾಗರದ ನಡುವಿನ ದ್ವೀಪದಿಂದ ಬಂದ ಈ ಗಿಡ ಒಗ್ಗುವುದೇ ಕಷ್ಟ. ಅಲ್ಲಿ ಮಧ್ಯಾಹ್ನ ಕಟ್ಟಡದ ನೆರಳು ಬೀಳುವ ಪೂರ್ವದ ಜಾಗದಲ್ಲಿ ಮಾತ್ರ ಇಡಿ.

ಎಲೆ ಮಂಕು ತಾಮ್ರದ ಬಣ್ಣಕ್ಕೆ ತಿರುಗಿ ಧೂಳು ಕೂತಂತೆ ಕಂಡರೆ ಕೊಂಬೆಯನ್ನು ಬಿಳಿ ಕಾಗದದ ಮೇಲೆ ಕೊಡವಿ. ಬಿದ್ದ ಚುಕ್ಕೆಗಳು ಅರ್ಧ ನಿಮಿಷದಲ್ಲಿ ನಡೆದಾಡಿದರೆ ಜೇಡನುಸಿ. ಬೇಸಿಗೆಯ ಧೂಳು, ಒಣಹವೆ ಅದರ ಕಾಲ. ಮೂರು ದಿನಕ್ಕೊಮ್ಮೆ ನಾಲ್ಕು ಸಲ ಪೈಪಿನ ರಭಸದ ನೀರಿನಿಂದ ಎಲೆಯಡಿಯನ್ನೂ ಸೇರಿಸಿ ತೊಳೆದರೆ ಮನೆಯ ಗಿಡದಲ್ಲಿ ಹತೋಟಿಗೆ ಬರುತ್ತದೆ. ಬಗ್ಗದಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಉಷ್ಣಾಂಶ 32 ಡಿಗ್ರಿ ದಾಟಿದ ದಿನ ಮತ್ತು ಎಣ್ಣೆ ಸಿಂಪಡಿಸಿದ ಹದಿನೈದು ದಿನದೊಳಗೆ ಬೇಡ.

ಮೂರನೆಯ ಕಾರಣ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ: ಸಾಬೂನು. 1960-70ರ ದಶಕಗಳಲ್ಲಿ ಸಿಡ್ನಿಯ ಕಡಲತೀರದ ನಾರ್ಫೋಕ್ ಪೈನ್‌ಗಳು ಸಾಲುಸಾಲಾಗಿ ಒಣಗತೊಡಗಿದವು. ಉಪ್ಪುಗಾಳಿಗೆ ಜಗ್ಗದ ಮರಗಳವು. ಕಡಲಿಗೆ ಬಿಡುತ್ತಿದ್ದ ಚರಂಡಿ ನೀರಿನ ಡಿಟರ್ಜೆಂಟ್ ಅಲೆಯ ತುಂತುರಿನೊಂದಿಗೆ ಹಾರಿ ಬಂದು ಎಲೆಯ ಮೇಣವನ್ನು ಕರಗಿಸುತ್ತಿತ್ತು. ಮೇಣ ಹೋದ ಮೇಲೆ ಉಪ್ಪು ಒಳಗಿಳಿಯುತ್ತಿತ್ತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಶುದ್ಧೀಕರಿಸಿದ ಕೊಳಚೆ ನೀರನ್ನು ಸ್ಪ್ರಿಂಕ್ಲರಿನಲ್ಲಿ ಎಲೆಗಳ ಮೇಲೆಯೇ ಎರಚುವಾಗ, ಬಕೆಟಿನಲ್ಲಿ ನೊರೆ ನಿಲ್ಲುವಂಥ ನೀರಾದರೆ, ಇದೇ ಹಾನಿಗೆ ದಾರಿ. ಸ್ಪ್ರಿಂಕ್ಲರಿನ ಎತ್ತರದವರೆಗೆ ಮಾತ್ರ ಕಂದಿದ್ದರೆ ಗುಟ್ಟು ಬಯಲಾದಂತೆ. ಆ ನೀರನ್ನು ಡ್ರಿಪ್ಪಿನ ಮೂಲಕ ಬುಡಕ್ಕಷ್ಟೇ ಕೊಡಿ. ಹಿಟ್ಟು ತಿಗಣೆಗೆಂದು ಪಾತ್ರೆ ತೊಳೆಯುವ ದ್ರವವನ್ನು ಚಮಚಗಟ್ಟಲೆ ಬೆರೆಸಿ ಎರಚುವುದೂ ಅದೇ ತಪ್ಪು.

ಬಿಳಿ ಹತ್ತಿ, ಕಪ್ಪು ಬೂಷ್ಟು, ಇರುವೆ ಸಾಲು

ಈ ಮೂರೂ ಸೇರಿದರೆ ಹಿಟ್ಟು ತಿಗಣೆ ಅಥವಾ ಶಲ್ಕ ಕೀಟ. ಸಣ್ಣ ಗಿಡದಲ್ಲಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿದರೆ ಮುಗಿಯಿತು. ಹೆಚ್ಚಿದ್ದರೆ ಬೇವಿನೆಣ್ಣೆ 3 ಮಿ.ಲೀ., ಪೊಟ್ಯಾಷ್ ಸಾಬೂನು 1 ಮಿ.ಲೀ., ಒಂದು ಲೀಟರ್ ನೀರು. ಮೊದಲು ಒಂದೇ ಕೊಂಬೆಗೆ ಸಿಂಪಡಿಸಿ ವಾರ ಕಾದು, ಸುಡದಿದ್ದರೆ ಉಳಿದದ್ದಕ್ಕೆ, ಸಂಜೆಯ ಹೊತ್ತು, ಮರುದಿನ ಬೆಳಗ್ಗೆ ಬರೀ ನೀರಿನಿಂದ ತೊಳೆತ. ಇರುವೆಗಳು ಈ ಕೀಟಗಳನ್ನು ಹಸು ಸಾಕಿದಂತೆ ಸಾಕುತ್ತವೆ. ಕುಂಡದ ಕಾಲಿಗೆ ನೀರಿನ ತಟ್ಟೆ ಇಟ್ಟು ಅವುಗಳ ದಾರಿ ತಪ್ಪಿಸದಿದ್ದರೆ ತಿಂಗಳಲ್ಲಿ ಮತ್ತೆ ಅದೇ.

ದೊಡ್ಡ ಮರದ ತೊಗಟೆಯ ಮೇಲಿನ ಗೆದ್ದಲ ಮಣ್ಣನ್ನು ಕೆರೆದು ನೋಡಿ. ಸಾಮಾನ್ಯವಾಗಿ ಸತ್ತ ಹೊರ ತೊಗಟೆಯನ್ನಷ್ಟೇ ತಿನ್ನುತ್ತಿರುತ್ತವೆ. ಗುದ್ದಿದಾಗ ಕಾಂಡ ಟೊಳ್ಳು ಸದ್ದು ಕೊಟ್ಟರೆ ಮಾತ್ರ ಚಿಂತಿಸಬೇಕು.

ಸುಳಿ ಹೋದರೆ

ಅರಕೇರಿಯಾದ ಅಂದವೆಲ್ಲ ಒಂದು ಸುಳಿಯ ಮೇಲೆ ನಿಂತಿದೆ. ಅದು ಮುರಿದರೆ ಪಕ್ಕದ ಕೊಂಬೆಯನ್ನು ಮೇಲೆತ್ತಿ ಕಟ್ಟಿ ಸುಳಿ ಮಾಡಬಹುದು ಎಂದು ಹಲವರು ಕೋಲು ಕಟ್ಟುತ್ತಾರೆ. ಈ ಮರದ ಕೊಂಬೆ ಎಂದಿಗೂ ಸುಳಿಯಾಗುವುದಿಲ್ಲ, ಅಡ್ಡಕ್ಕೆ ಬೆಳೆಯುವುದು ಅದರ ಹುಟ್ಟುಗುಣ. ಕೊಂಬೆಯ ತುಂಡಿನಿಂದ ಬೇರು ಬರಿಸಿದ ಗಿಡವೂ ಜೀವಮಾನವಿಡೀ ಅಡ್ಡಕ್ಕೇ ಹರಿಯುತ್ತದೆ. ವರ್ಷವಾದರೂ ಗಿಡ ನೆಟ್ಟಗಾಗದಿದ್ದರೆ ಅದು ಅಂಥ ತುಂಡಿನ ಗಿಡ ಎಂದು ತಿಳಿಯಿರಿ, ತಿದ್ದಲಾಗದು. ಸುಳಿ ಮುರಿದ ಗಿಡದಲ್ಲಿ ಮುರಿದ ಜಾಗಕ್ಕಿಂತ ಸ್ವಲ್ಪ ಕೆಳಗೆ ಕಾಂಡದಿಂದಲೇ ಹೊಸ ನೆಟ್ಟನೆಯ ಚಿಗುರುಗಳು ಬರುತ್ತವೆ. ಅವು 10 ಸೆಂ.ಮೀ. ಆಗುವವರೆಗೆ ಕಾದು, ಗಟ್ಟಿಯಾದ ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸಿ. ಎರಡು ಬಿಟ್ಟರೆ ಮುಂದೆ ಕವೆಯಾಗಿ ಗಾಳಿಗೆ ಸೀಳುತ್ತದೆ.

ಸುಳಿ ಹಾಳಾಗುವುದು ಹೆಚ್ಚಾಗಿ ನಮ್ಮ ಕೈಯಿಂದಲೇ: ಭಾರದ ನಕ್ಷತ್ರ ಕಟ್ಟುವುದು, ಅಲಂಕಾರದ ತಂತಿಯನ್ನು ಬಿಚ್ಚಲು ಮರೆಯುವುದು, ನರ್ಸರಿಯವರು ಕೋಲಿಗೆ ಬಿಗಿದ ಪ್ಲಾಸ್ಟಿಕ್ ದಾರವನ್ನು ಹಾಗೇ ಬಿಡುವುದು. ದಾರ ಕಾಂಡದೊಳಗೆ ಹೂತುಹೋಗಿದ್ದರೆ ಎಳೆಯಬೇಡಿ, ಚೂರುಚೂರಾಗಿ ಕತ್ತರಿಸಿ ತೆಗೆಯಿರಿ. ಒಂದೇ ಕುಂಡದಲ್ಲಿ ಮೂರರಿಂದ ಐದು ಸಸಿ ತುರುಕಿ ಒಂದೇ ಗಿಡದಂತೆ ಮಾರುವುದೂ ಸಾಮಾನ್ಯ. ಬುಡದಲ್ಲಿ ಎಣಿಸಿ. ಬೇರ್ಪಡಿಸಲು ಹೋದರೆ ಎಲ್ಲದರ ಬೇರೂ ಹರಿಯುತ್ತದೆ. ಬಲವಾದ ಒಂದನ್ನು ಬಿಟ್ಟು ಉಳಿದವನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ.

ದೊಡ್ಡ ಮರ ತುದಿಯಿಂದ ಕೆಳಕ್ಕೆ ಒಣಗಿದರೆ ಲೆಕ್ಕ ಬೇರೆ. ಕಾಂಡದುದ್ದಕ್ಕೂ ತೊಗಟೆ ಪಟ್ಟಿಯಾಗಿ ಸಿಡಿದಿದ್ದರೆ ಸಿಡಿಲು. ಬೀದಿಯಲ್ಲೇ ಎತ್ತರದ ಮರಕ್ಕೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ದೊಡ್ಡ ಗಂಡಾಂತರ. ಅಂಥ ಗುರುತಿಲ್ಲದಿದ್ದರೆ ಕಳೆದ ಮೂರು ವರ್ಷಗಳಲ್ಲಿ ಬುಡದ ಸುತ್ತ ಏನೇನು ನಡೆಯಿತು ಎಂದು ನೆನಪಿಸಿಕೊಳ್ಳಿ. ಕಾರ್ ನಿಲ್ಲಿಸಲು ಕಾಂಕ್ರೀಟ್, ಕಾಂಡಕ್ಕೆ ತಾಗಿದ ಇಂಟರ್‌ಲಾಕ್ ಇಟ್ಟಿಗೆ, ಒಳಚರಂಡಿ ಪೈಪಿಗೆ ತೋಡಿದ ಕಂದಕ, ಅಂಗಳ ಎತ್ತರಿಸಲು ಸುರಿದ ಎರಡು ಅಡಿ ಮಣ್ಣು: ಇವುಗಳ ಪೆಟ್ಟು ಒಂದರಿಂದ ಮೂರು ವರ್ಷಗಳ ನಂತರ ತುದಿಯಲ್ಲಿ ಕಾಣುತ್ತದೆ. ಕಾಂಡದ ಸುತ್ತ ಕನಿಷ್ಠ ಎರಡು ಮೀಟರ್ ಕಾಂಕ್ರೀಟ್ ಒಡೆದು, ಬುಡದ ಉಬ್ಬು ಕಾಣುವವರೆಗೆ ಮಣ್ಣು ಸರಿಸಿ, ಮೂರು ಇಂಚು ಎಲೆಗೊಬ್ಬರದ ಮುಚ್ಚಿಗೆ ಹಾಕಿ. ಮುಚ್ಚಿಗೆ ಕಾಂಡಕ್ಕೆ ತಾಗಬಾರದು.

ಮರ ವಾಲಿದೆ

ವಾಲಿದ ಕ್ರಿಸ್‌ಮಸ್ ಮರ ಕಂಡರೆ ಅಕ್ಕಪಕ್ಕದವರಿಗೆ ದಿಗಿಲು, ಕೂಡಲೇ ಕಡಿಸುವ ಮಾತು. ಕುಕ್ ಪೈನಿಗೆ ವಾಲುವುದು ಸಹಜ. 5 ಖಂಡಗಳ 256 ಮರಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಜಾತಿಯ ಮರಗಳು ಸಮಭಾಜಕ ವೃತ್ತದ ಕಡೆಗೆ ವಾಲುತ್ತವೆ, ಸರಾಸರಿ ಸುಮಾರು 8.5 ಡಿಗ್ರಿ ಎಂದು ಕಂಡುಬಂತು. ಉತ್ತರ ಗೋಳಾರ್ಧದಲ್ಲಿರುವ ನಮ್ಮಲ್ಲಿ ಅದು ದಕ್ಷಿಣಕ್ಕೆ. ಸಮಭಾಜಕದಿಂದ ದೂರ ಹೋದಷ್ಟೂ ವಾಲು ಹೆಚ್ಚು. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರದಲ್ಲಿರುವುದರಿಂದ ಇಲ್ಲಿ ಸಾಮಾನ್ಯವಾಗಿ ಸೌಮ್ಯ.

ಅಳೆಯುವುದು ಹೀಗೆ. ಬುಡದ ಉಬ್ಬಿನ ಮೇಲಿಂದ ಒಂದು ಮೀಟರ್ ಎತ್ತರದಲ್ಲಿ, ವಾಲಿದ ಬದಿಯ ತೊಗಟೆಗೆ ದಾರ ಹಿಡಿದು ತುದಿಗೆ ಬೀಗ ಕಟ್ಟಿ ಇಳಿಬಿಡಿ. ಕೆಳತುದಿಯಲ್ಲಿ ದಾರಕ್ಕೂ ಕಾಂಡಕ್ಕೂ 15 ಸೆಂ.ಮೀ. ಅಂತರವಿದ್ದರೆ ಅದು ಸುಮಾರು 8.5 ಡಿಗ್ರಿ. ಎಳೆಯದರಿಂದಲೂ ಹಾಗೇ ಇರುವ, ದಕ್ಷಿಣಕ್ಕೆ ಬಾಗಿದ, ಆರು ತಿಂಗಳಲ್ಲಿ ಅಳತೆ ಬದಲಾಗದ ವಾಲು ಮರದ ಗುಣ. ದಕ್ಷಿಣ ಬಿಟ್ಟು ಬೇರೆ ದಿಕ್ಕು, ಮಳೆಗಾಳಿಯ ನಂತರ ಇದ್ದಕ್ಕಿದ್ದಂತೆ ಬಂದದ್ದು, ವಾಲಿದ ಎದುರು ಬದಿಯಲ್ಲಿ ಮಣ್ಣು ಎದ್ದು ಬಿರುಕು ಬಿಟ್ಟಿರುವುದು, ಬುಡದಲ್ಲಿ ಗಟ್ಟಿ ಅಣಬೆಯ ತಟ್ಟೆಗಳು: ಈ ನಾಲ್ಕರಲ್ಲಿ ಒಂದಿದ್ದರೂ ಮರದಡಿ ವಾಹನ ನಿಲ್ಲಿಸಬೇಡಿ, ಆ ವಾರವೇ ತಜ್ಞರನ್ನು ಕರೆಸಿ. ಕುಂಡದ ಗಿಡ ಕಿಟಕಿಯ ಕಡೆ ಬಾಗಿದ್ದರೆ ಅದು ಬೆಳಕಿನ ಸೆಳೆತವಷ್ಟೇ. ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ.

ಕಡಿಯಲೇಬೇಕಾದಾಗ

ಸ್ವಂತ ಅಂಗಳದ ಮರವಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿಗೆ ಅರ್ಜಿ ಕೊಡಬೇಕು. ಅರ್ಜಿಯ ಜೊತೆ ವಾಲಿನ ಅಳತೆ, ಬಿರುಕಿನ ಚಿತ್ರ, ದಿನಾಂಕ ಇದ್ದರೆ ಪರಿಶೀಲನೆಗೆ ಅನುಕೂಲ. ತುದಿ ಮಾತ್ರ ಕಡಿದು ಗಿಡ್ಡ ಮಾಡುವ ಉಪಾಯಕ್ಕೆ ಒಪ್ಪಬೇಡಿ: ಕಡಿದ ಜಾಗದಲ್ಲಿ ಏಳೆಂಟು ಸುಳಿ ಎದ್ದು, ಗಟ್ಟಿ ಹಿಡಿತವಿಲ್ಲದೆ, ಮುಂದೆ ಒಂದೊಂದಾಗಿ ಮುರಿಯುತ್ತವೆ.

ಬೇರು ಕೊಳೆತು ಸತ್ತ ಮರದ ಗುಣಿಯಲ್ಲಿ ಮತ್ತೆ ಅರಕೇರಿಯಾ ನೆಡಬೇಡಿ. ಫೈಟಾಫ್ತೊರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಸ ಗಿಡಕ್ಕೆ ಗೋಡೆಯಿಂದ ಆರು ಮೀಟರಾದರೂ ದೂರ, ಮೇಲೆ ವಿದ್ಯುತ್ ತಂತಿ ಇಲ್ಲದ, ಮಳೆನೀರು ನಿಲ್ಲದ ಜಾಗ ಬೇಕು. ಗುಣಿ 60 ಸೆಂ.ಮೀ. ಅಗಲ, ಬೇರುಂಡೆಯಷ್ಟೇ ಆಳ; ತುಂಬಲು ಅಗೆದ ಮಣ್ಣೇ ಸಾಕು. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ 20 ಲೀಟರ್ ನೀರು, ಜೂನ್ ಮಳೆ ಹಿಡಿದ ಮೇಲೆ ನಿಲ್ಲಿಸಿ. ನೆಡುವ ಕಾಲ ಜೂನ್ ಮೊದಲ ವಾರವಲ್ಲ, ಮುಂಗಾರಿನ ಅಬ್ಬರ ಇಳಿದ ಸೆಪ್ಟೆಂಬರ್: ಮಣ್ಣಿನಲ್ಲಿ ತೇವವೂ ಇರುತ್ತದೆ, ಬೇರಿಗೆ ಉಸಿರೂ ಇರುತ್ತದೆ.